ಬಸಿರಲ್ಲಿ ನೀರು ಹೆಚ್ಚಾದಾಗ

ಬಳ್ಳಿಗಾವಿಯ ನಿರ್ಮಲಮ್ಮನಿಗೆ ಸೊಸೆಯ ಹೊಟ್ಟೆ ಎಷ್ಟು ನೋಡಿದರೂ ಸಾಲದು. ಶರಣ್ಯಳಿಗೆ ಇನ್ನೂ ಆರು ತಿಂಗಳು, ಹೊಟ್ಟೆ ಮಾತ್ರ ಎಂಟು ತುಂಬಿದವರದ್ದು. "ಅವಳಿ ಇರಬೇಕು" ಎಂದು ಓಣಿಗೆಲ್ಲ ಸಾರಿ ಬಂದಿದ್ದಳು ಪುಣ್ಯಾತ್ಗಿತ್ತಿ. ನಾಲ್ಕು ಹೆಜ್ಜೆಗೇ ಆ ಹುಡುಗಿ ಏದುಸಿರು ಬಿಡುತ್ತಿದ್ದುದು ಅವಳ ಕಣ್ಣಿಗೆ ಬೀಳಲಿಲ್ಲ.

ಶಿಕಾರಿಪುರದಲ್ಲಿ ಸ್ಕ್ಯಾನಿಂಗ್ ಆಯಿತು. ಕೂಸು ಒಂದೇ. ಅದರ ಸುತ್ತ ಇರುವ ನೀರು ಅಳತೆ ಮೀರಿದೆ, ಸಕ್ಕರೆಯ ಜೊತೆಗೆ ಸೋಂಕಿನ ರಕ್ತಪರೀಕ್ಷೆಯೂ ಆಗಬೇಕು, ತಡ ಮಾಡಬೇಡಿ ಎಂದರು ಡಾಕ್ಟರು. ಮನೆಗೆ ಬಂದ ನಿರ್ಮಲಮ್ಮ ಮೊದಲು ಮಾಡಿದ್ದು, ಸೊಸೆಯ ಕೈಯಿಂದ ನೀರಿನ ಚೊಂಬು ಕಸಿದಿಟ್ಟದ್ದು.

ಕೆಲವು ದಿನ ಕಳೆದು ಆಶಾ ಕಾರ್ಯಕರ್ತೆ ನಾಗವೇಣಿ ಬಂದಳು. ಶರಣ್ಯಳ ತುಟಿ ಒಣಗಿ ಬಿರಿದಿತ್ತು.

"ನೀರು ಯಾಕ್ರೀ ಕೊಡ್ತಿಲ್ಲ?"

"ಹೊಟ್ಟೇಲಿ ನೀರು ಹೆಚ್ಚಾಗೈತೆ ಅಂದಾರಲ್ಲ. ಮತ್ತೆ ಕುಡಿಸಿದ್ರೆ ಇನ್ನೂ ಹೆಚ್ಚಾಗಲ್ವಾ?"

"ಅಯ್ಯೋ ನಿರ್ಮಲಕ್ಕ, ಕುಡಿದ ನೀರು ಹೋಗಿ ಕೂಸಿನ ಸುತ್ತ ನಿಲ್ಲಲ್ಲ. ಬಾಯಾರಿದ ಬಸುರಿಗೆ ನೀರು ಕೊಡ್ರಿ. ಸಕ್ಕರೆ ಕಾಯಿಲೆಯಿಂದ ಹಿಂಗಾಗಬಹುದು, ತಾಯಿಯಿಂದ ಕೂಸಿಗೆ ತಗುಲಿದ ಸೋಂಕಿನಿಂದಲೂ ಆಗಬಹುದು. ಒಮ್ಮೊಮ್ಮೆ ಕಾರಣ ಸಿಗೋದೇ ಇಲ್ಲ. ಆದ್ರೆ ಪರೀಕ್ಷೆ ಮಾಡಿಸದೆ ಹೆಂಗೆ ಗೊತ್ತಾಗ್ಬೇಕು? ನಾಳೇನೇ ಹೊರಡ್ರಿ. ನಿಮ್ಮ ಮಗ ಗುರುಪ್ರಕಾಶಣ್ಣನೂ ಬರಲಿ."

"ನಮ್ಮನೇಲಿ ಎಂಥಾ ಸೋಂಕು? ದಿನಾ ಪೂಜೆ ಆಗೋ ಮನೆ ಇದು! ಏಳಕ್ಕೆ ಬಿದ್ದ ಕೂಡ್ಲೇ ಸೀಮಂತದ ಕುಬುಸ ಇಟ್ಕೊಂಡೀವಿ. ಉಡಿ ತುಂಬೋಕೆ ಮುಂಚೆ ಬಸುರಿ ರಕ್ತ ತೆಗೆಸಬಾರ್ದು. ಕುಬುಸ ಮುಗೀಲಿ."

ಮಗ ಗುರುಪ್ರಕಾಶ್ ಬಾಗಿಲಲ್ಲೇ ನಿಂತಿದ್ದ. ಶರಣ್ಯ ಗಂಡನ ಮುಖ ನೋಡಿದಳು. ಅವನು ಬೈಕ್ ಹತ್ತಿ ಹೊರಟುಹೋದ.

ಕುಬುಸವೇನೋ ಜೋರಾಗಿಯೇ ನಡೆಯಿತು. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಬಂದವರಿಗೆಲ್ಲ ಹೋಳಿಗೆ. ಅದಾದ ಮೂರನೇ ದಿನ ಶರಣ್ಯಳಿಗೆ ನೀರೊಡೆಯಿತು. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಮೈಯೆಲ್ಲ ಬಾತುಕೊಂಡಿತ್ತು. ಅದು ಅಳಲೇ ಇಲ್ಲ.

ಆಗ ಮಾಡಿದ ರಕ್ತಪರೀಕ್ಷೆಯಲ್ಲಿ, ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ಎಂಬ ಸೋಂಕು ಕಂಡಿತು. ಮೊದಲೇ ಗೊತ್ತಾಗಿದ್ದರೆ ತಾಯಿಗೆ ಇಂಜೆಕ್ಷನ್ ಕೊಟ್ಟು ಕೂಸನ್ನು ಉಳಿಸಲು ನೋಡಬಹುದಿತ್ತು ಎಂದರು ಡಾಕ್ಟರು.

ನಿರ್ಮಲಮ್ಮನ ನಾಲಿಗೆ ಸೊಸೆಯ ಮೇಲೆ ಹರಿಯಿತು. "ಎಲ್ಲಿಂದ ತಂದ್ಯೇ ಇದನ್ನ?"

ಶರಣ್ಯ ಗೋಡೆಯ ಕಡೆ ಹೊರಳಿದಳು.

"ಅವ್ವಾ, ಅವಳನ್ನ ಕೇಳ್ಬೇಡ" ಎಂದ ಗುರುಪ್ರಕಾಶ್, ತಲೆ ಎತ್ತದೆ. "ಮದುವೆಗೆ ಮುಂಚೆ ನನಗೆ ಕೆಳಗೆ ಹುಣ್ಣಾಗಿತ್ತು. ತಾನೇ ಮಾಯ್ತು ಅಂತ ಸುಮ್ಮನಾದೆ."

ಹುಣ್ಣು ಮಾಯ್ದರೂ ಸೋಂಕು ಒಳಗೇ ಉಳಿದಿತ್ತು. ನಿರ್ಮಲಮ್ಮನಿಗೆ ಈಗ ಅರ್ಥವಾಯಿತು. ರೋಗ ತನ್ನ ಮಗನದ್ದು, ತಡ ಮಾಡಿದವಳು ತಾನು, ಸುಡುಗಾಡಿಗೆ ಹೋದದ್ದು ಏನೂ ಅರಿಯದ ಕೂಸು. ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮಗನ ರಟ್ಟೆ ಹಿಡಿದಳು.

"ನಡಿ, ನೀನೂ ರಕ್ತ ಕೊಡು, ಸೂಜಿ ಹಾಕಿಸ್ಕೋ. ಇನ್ನೊಂದು ಕೂಸನ್ನ ನಾನು ಮಣ್ಣಿಗೆ ಕೊಡಲಾರೆ."

ಶರಣ್ಯ ತಿರುಗಿಯೂ ನೋಡಲಿಲ್ಲ.

ಅತ್ತೆಯಂದಿರೇ, ಗಂಡಂದಿರೇ, ಮನೆಯಲ್ಲಿ ಬಸುರಿ ಇದ್ದರೆ ಮೊದಲ ತಿಂಗಳುಗಳಲ್ಲೇ ರಕ್ತಪರೀಕ್ಷೆ ಮಾಡಿಸಿ. ನೀರು ಹೆಚ್ಚಿದೆ ಎಂದು ಡಾಕ್ಟರು ಹೇಳಿದರೆ ಸೋಂಕಿನ ಪರೀಕ್ಷೆಗೆ ಹಿಂದೆಮುಂದೆ ನೋಡಬೇಡಿ. ಸೋಂಕು ಕಂಡರೆ ಗಂಡನೂ ಚಿಕಿತ್ಸೆ ಪಡೆಯಲಿ, ಹೆಂಡತಿಯನ್ನು ದೂರಬೇಡಿ. ಹೊಟ್ಟೆಯಲ್ಲಿರುವ ಕೂಸು ನಿಮ್ಮ ಮುಹೂರ್ತಕ್ಕೆ ಕಾಯುವುದಿಲ್ಲ.