ಗಂಟಲು ಮೇಷ್ಟ್ರ ಕೆಮ್ಮು

ಇದು ನಿಜವಾಗಿ ನಡೆದದ್ದು. ಊರವರ ದನಿಯನ್ನೆಲ್ಲ ಕದಿಯುವ ನಾನು ಇದೊಂದನ್ನು ಮಾತ್ರ ನನ್ನ ಸ್ವಂತ ದನಿಯಲ್ಲೇ ಹೇಳುತ್ತಿದ್ದೇನೆ, ನಂಬಿ.

ನಮ್ಮದು ಪುಟ್ಟ ಕಾಲೇಜು. ಒಬ್ಬ ಸೀನಿದರೆ ಎಲ್ಲ ತರಗತಿಯವರೂ ತಿರುಗಿ ನೋಡುವಷ್ಟು ಪುಟ್ಟದು. ಅಲ್ಲಿ ಪದವಿ ಸಿಗಬೇಕಾದರೆ ಪ್ರಬಂಧ ಬರೆದರಷ್ಟೇ ಸಾಲದು. ಮೂವರು ಪರೀಕ್ಷಕರ ಮುಂದೆ ಕೂತು ಅದನ್ನು ಬಾಯಲ್ಲಿ ಸಮರ್ಥಿಸಬೇಕು. ಹಳೇ ನಗರಗಳ ಕೋಟೆಗೋಡೆಗಳ ಬಗ್ಗೆ ಚೆನ್ನಾಗಿಯೇ ಬರೆದಿದ್ದ ನನ್ನ ರೂಮಿನವನಿಗೆ ಅಲ್ಲೇ ಬಾಯಿ ಕಟ್ಟುತ್ತಿತ್ತು. ಎರಡು ಸಲ ಹೋಗಿ, ಎರಡು ಸಲವೂ ಒಂದಕ್ಷರ ಆಡದೆ ಎದ್ದು ಬಂದಿದ್ದ. ಹಾಗಾಗಿ ಅವನಿಗೆ ಬೀಗ ಅಂತ ಹೆಸರು ಬಿದ್ದಿತ್ತು. ಯಾರ ದನಿಯನ್ನಾದರೂ ಅಣಕಿಸುವ ನಾನು ಗಿಳಿ. ಮೂರನೆಯದು ಕೊನೆಯ ಅವಕಾಶ. ಅದೂ ಕೈತಪ್ಪಿದರೆ ಪದವಿಯಿಲ್ಲ. ಅವನಕ್ಕ ತಾನು ಪಾಠ ಮಾಡುವ ಶಾಲೆಯಲ್ಲಿ ಕಾಡಿ ಬೇಡಿ ಅವನಿಗಾಗಿ ಹಿಡಿದಿಟ್ಟ ಕೆಲಸವೂ ಇಲ್ಲ.

"ಅಕ್ಕನಿಗೆ ಯಾವ ಮುಖ ತೋರಿಸ್ಲೋ?" ಊಟದ ತಟ್ಟೆ ಮುಂದಿಟ್ಟುಕೊಂಡು ಅಳುತ್ತಿದ್ದ. "ಆ ಗಂಟಲು ಮೇಷ್ಟ್ರು ಒಂದ್ಸಲ ಕೆಮ್ಮಿದ್ರೆ ಸಾಕು, ಓದಿದ್ದೆಲ್ಲ ಹೊಟ್ಟೆಯೊಳಗೇ ಕೂತ್ಬಿಡುತ್ತೆ."

ಗಂಟಲು ಮೇಷ್ಟ್ರು ಅಂದರೆ ನಮ್ಮ ಚರಿತ್ರೆಯ ಪ್ರೊಫೆಸರು. ಪ್ರತಿ ಪ್ರಶ್ನೆಗೂ ಮುಂಚೆ ಹಳೇ ಲಾರಿ ಸ್ಟಾರ್ಟ್ ಆದ ಹಾಗೆ "ಖ್ರ್... ಖ್ರ್ರ್ರ್" ಅನ್ನುವವರು.

"ಅಷ್ಟೇ ತಾನೇ? ನಾನೇ ಗಂಟಲು ಮೇಷ್ಟ್ರಾಗ್ತೀನಿ ಬಾ," ಅಂದೆ.

ಅಂದಿನಿಂದ ಬೀಗನನ್ನು ಗೋಡೆಗೆ ಮುಖ ಮಾಡಿ ಕೂರಿಸಿ, ಬೆನ್ನ ಹಿಂದೆ ನಿಂತು ಕೆಮ್ಮಿ ಕೆಮ್ಮಿ ಪ್ರಶ್ನೆ ಕೇಳಿದೆ. ಮೊದಮೊದಲು ನನ್ನ ಕೆಮ್ಮಿಗೂ ಬೆವೆತ. ಬರಬರುತ್ತಾ ಬೈಯತೊಡಗಿದ, ಬೈಗುಳದ ಹಿಂದೆಯೇ ಉತ್ತರಗಳೂ ಬಂದವು. ಆದರೆ ಕುರ್ಚಿ ಈ ಕಡೆ ತಿರುಗಿಸಿದೆವೋ, ಮತ್ತೆ ಬೀಗ. ಪರೀಕ್ಷಕರಿಗೆ ಬೆನ್ನು ತೋರಿಸಿ ಕೂರುವ ಹಾಗಿಲ್ಲವಲ್ಲ!

ಪರೀಕ್ಷೆಯ ದಿನ ಅಕ್ಕ ರಜೆ ಹಾಕಿ ಬಂದು ಕಾರಿಡಾರಿನ ತುದಿಯ ಬೆಂಚಿನಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ನಾವು ಬೇಗನೇ ಪರೀಕ್ಷೆಯ ಕೋಣೆ ಸೇರಿದೆವು.

"ಇದೇ ಕೊನೇದು, ಒಂದ್ಸಲ ಕೇಳ್ಬಿಡೋ," ಅಂತ ಬೀಗ ಗೋಗರೆಯುತ್ತ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡ.

"ನೀರು ತಂದು ಕೇಳ್ತೀನಿ, ಕೂತಿರು."

ಲೋಟ ಹಿಡಿದು ವಾಪಸಾದರೆ ಬಾಗಿಲಲ್ಲಿ ಪ್ರಿನ್ಸಿಪಾಲರು, ಸಾಹಿತ್ಯದ ಮೇಡಂ, ಗಂಟಲು ಮೇಷ್ಟ್ರು! ನಾನು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಕೆಮ್ಮಿಯೇ ಬಿಟ್ಟರು.

"ಥೂ, ಏನೋ ಇದು?" ಬೀಗ ಗೋಡೆಗೇ ಹೇಳಿದ. "ಮುದಿಯಪ್ಪನ ಕೆಮ್ಮು ಹೀಗಿರುತ್ತೇನೋ? ಹೊಟ್ಟೆಯಿಂದ ಬರ್ಲಿ!"

ಮುಗಿಯಿತು ಇವನ ಕಥೆ. ಮೇಷ್ಟ್ರು ನನ್ನನ್ನೇ ದುರುಗುಟ್ಟಿ ನೋಡಿ, ತುಟಿಯ ಮೇಲೆ ಬೆರಳಿಟ್ಟರು. ಆಮೇಲೆ, ಪಾಪ, ಹೊಟ್ಟೆಯಿಂದಲೇ ಕೆಮ್ಮಿದರು.

"ಹಾಂ, ಹಾಗೆ! ಕೇಳೀಗ."

"ಹಳೇ ನಗರಗಳು ಶತ್ರುಗಳಿಗೆ ಹೆದರಿ ಗೋಡೆ ಕಟ್ಟಿದ್ವು. ಇದರಲ್ಲಿ ನೀನು ಹೊಸದಾಗಿ ಹೇಳೋದೇನಿದೆ?"

"ಶತ್ರು ಬರೋದು ಯಾವಾಗಲೋ ಒಮ್ಮೆ ಸಾರ್. ಸುಂಕ ಕಟ್ಟೋನು ದಿನಾ ಬರ್ತಾನೆ. ಬಾಗಿಲು ಎಲ್ಲಿಟ್ಟಿದ್ರು ನೋಡಿ. ಕಾಯೋಕೆ ಸುಲಭವಾದ ಕಡೆ ಅಲ್ಲ, ವ್ಯಾಪಾರದ ದಾರಿಗಳು ಬಂದು ಸೇರೋ ಕಡೆ..."

ಮಾತು ನಿಲ್ಲಲೇ ಇಲ್ಲ. ಪ್ರಿನ್ಸಿಪಾಲರೂ ಮೇಡಮ್ಮೂ ಮೇಷ್ಟ್ರ ಕಿವಿಯಲ್ಲಿ ಪ್ರಶ್ನೆ ಉಸುರಿದರು. ಅವರು ಕೆಮ್ಮಿ ಕೆಮ್ಮಿ ಕೇಳಿದರು. ನನ್ನ ಲೋಟದ ನೀರೆಲ್ಲ ಅಂಗಿಯ ಮೇಲಿತ್ತು.

"ಸಾಕು. ಪಾಸು," ಅಂದರು ಮೇಷ್ಟ್ರು.

"ನೀನು ಪಾಸು ಮಾಡಿ ಏನು ಬಂತೋ ಗಿಳಿ," ಬೀಗನ ದನಿ ಕುಸಿಯಿತು. "ಆ ಗಂಟಲು ಮಾಡ್ಬೇಕಲ್ಲ." ತಿರುಗಿದ.

ಎದುರಿಗೆ ಮೂವರೂ! ಬಾಯಿ ತೆರೆಯಿತು, ದನಿಯಿಲ್ಲ. ಅಯ್ಯೋ, ಮತ್ತೆ ಬಿತ್ತು ಬೀಗ ಅಂದುಕೊಂಡೆ.

ಮೇಷ್ಟ್ರು ಎದೆ ನೀವಿಕೊಳ್ಳುತ್ತ ಕೇಳಿದರು: "ಕೆಮ್ಮು ಈಗಾದ್ರೂ ಸರಿ ಬಂತೇನಪ್ಪಾ?"

ಮೇಡಂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಾನೂ ನಕ್ಕೆ. ಆದರೆ ಬೀಗ ನಕ್ಕಿದ್ದೇ ನಗು. ಬೆಂಚಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ ಅಕ್ಕ ಗಾಬರಿಬಿದ್ದು ಓಡಿ ಬರುವಷ್ಟು ಜೋರಾಗಿ.