ಮಣಿಕಟ್ಟಿನ ಕೆಳಗಿನ ಬೆತ್ತ

ಅಸೂಯೆ ಮೊದಲು ಹುಟ್ಟಿದ್ದು ಅಡಿವೆಪ್ಪನಲ್ಲೋ, ನನ್ನಲ್ಲೋ? ಇಷ್ಟು ವರ್ಷ ಒಂದೇ ಕೈಯ ಕೆಳಗೆ ಕಳೆದ ಮೇಲೆ ಇದು ನನ್ನದು, ಇದು ಅವನದು ಎಂದು ಬೇರೆ ಮಾಡುವುದು ಕಷ್ಟ. ಅವನ ನಾಡಿ ನನ್ನ ಮೈಮೇಲೆಯೇ ಬಡಿಯುತ್ತಿತ್ತು. ಫಕ್ಕೀರಪ್ಪನ ಹೆಸರು ಬಂದರೆ ಸಾಕು, ಅದು ಓಡತೊಡಗುತ್ತಿತ್ತು. ಪ್ರೀತಿಗೆ ಓಡುತ್ತಿತ್ತೋ, ಹೊಟ್ಟೆಯುರಿಗೋ, ಬಹಳ ದಿನ ನನಗೆ ತಿಳಿಯಲಿಲ್ಲ. ಕೆಲವು ಸಲ ಅವನಿಗೂ ತಿಳಿದಿರಲಿಕ್ಕಿಲ್ಲ.

ನಾನು ಒಂದು ಬೆತ್ತ. ಖಾನಾಪುರದ ಕಡೆಯ ಕಾಡಿನಲ್ಲಿ ಮುಳ್ಳಿನ ಬಳ್ಳಿಯಾಗಿ ಹುಟ್ಟಿದೆ. ನಾವು ಸ್ವಂತ ಬಲದಿಂದ ನಿಲ್ಲುವವರಲ್ಲ. ಪಕ್ಕದ ಮರವನ್ನು ಮುಳ್ಳಿನಿಂದ ಹಿಡಿದು, ಅದರ ಮೈಮೇಲೆಯೇ ಬಿಸಿಲಿಗೆ ಏರುತ್ತೇವೆ. ನನ್ನನ್ನು ಕಡಿದವರು ಮುಳ್ಳು ಸವರಿದರು, ಬೆಂಕಿಗೆ ಹಿಡಿದರು, ಮೊಣಕಾಲಿಗೆ ಒತ್ತಿ ನೆಟ್ಟಗೆ ಮಾಡಿದರು. ಬೈಲಹೊಂಗಲದ ಸಂತೆಯಲ್ಲಿ ಕಟ್ಟಿನಿಂದ ನನ್ನೊಬ್ಬನನ್ನು ಎಳೆದು, ಗಾಳಿಯಲ್ಲಿ ಒಮ್ಮೆ ಬೀಸಿ, ಆ ಸಪ್ಪಳ ಕೇಳಿ ಮೆಚ್ಚಿ ಕೊಂಡವರು ಕುಂದರಗಿ ಮಾಸ್ತರು. ಹತ್ತಿರದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಅವರು ಡ್ರಾಯಿಂಗ್ ಕಲಿಸುತ್ತಿದ್ದರು.

ಅಲ್ಲಿ ನನಗೆ ಮಕ್ಕಳ ಮುಖಗಳಿಗಿಂತ ಅಂಗೈಗಳ ಪರಿಚಯ ಹೆಚ್ಚು. ಕೆಲವು ನನ್ನನ್ನು ಕಂಡೊಡನೆ ಮುದುಡುತ್ತಿದ್ದವು. ಕೆಲವು ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದು ನನ್ನನ್ನು ಮಾಸ್ತರರ ತೊಡೆಗೇ ಬಡಿಸುತ್ತಿದ್ದವು. ಫಕ್ಕೀರಪ್ಪನ ಅಂಗೈ ಮಾತ್ರ ಚಾಚಿದಲ್ಲೇ ಇರುತ್ತಿತ್ತು.

ಎಂಟನೆಯ ತರಗತಿಯಲ್ಲಿ ಅವನೂ ಅಡಿವೆಪ್ಪನೂ ಒಂದೇ ಬೆಂಚು. ಅಡಿವೆಪ್ಪ ಗೆರೆ ಎಳೆದರೆ ಮಾಸ್ತರು ನಡೆಯುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಆದರೆ ಒಂದು ದಿನ ಅವನು ಗಿಳಿಗೆ ಕೆಂಪು ತುಂಬಿ, ಕೊಕ್ಕಿಗೆ ಹಸಿರು ಬಳಿದ. ತರಗತಿ ಬಿದ್ದು ಬಿದ್ದು ನಕ್ಕಿತು. ಅವನು ತಾನೂ ನಕ್ಕು, ಬೇಕೆಂದೇ ಮಾಡಿದೆ ಎಂದ. ಪಕ್ಕದಲ್ಲಿ ಕೂತವನು ನಗಲಿಲ್ಲ.

ಮರುವಾರ ಮಾಸ್ತರು ಶಾಲೆಯ ಬಣ್ಣದ ಮೇಣದ ಕಡ್ಡಿಗಳ ಪೆಟ್ಟಿಗೆ ತೆರೆದು ನೋಡಿದರೆ, ಕೆಲವಕ್ಕೆ ಹಲ್ಲಿನ ಗುರುತು.

"ಯಾವಲೇ ಇದನ್ನ ಕಡದಾಂವ?"

"ನಾನ್ರೀ ಸರ" ಎಂದು ಫಕ್ಕೀರಪ್ಪ ಎದ್ದು ನಿಂತ.

"ಯಾಕ?"

"ಹಸಿವಾಗಿತ್ರೀ."

ಮತ್ತೆ ತರಗತಿ ನಕ್ಕಿತು. ನಾನು ಅವನ ಅಂಗೈಗೆ ನಾಲ್ಕು ಸಲ ಬಿದ್ದೆ. ಅಡಿವೆಪ್ಪ ಕಿಟಕಿಯ ಆಚೆ ನೋಡುತ್ತ ಕೂತಿದ್ದ. ಕೆಂಪಿಗೆ ಒಂದು ಕಚ್ಚು, ಹಸಿರಿಗೆ ಎರಡು ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಅಡಿವೆಪ್ಪನ ಕಣ್ಣಿಗೆ ಆ ಎರಡೂ ಬಣ್ಣ ಒಂದೇ ಎಂಬುದು ಬೆಂಚಿನ ಆ ಇಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ನಿವೃತ್ತಿಯ ದಿನ ಮಾಸ್ತರು ಅಡಿವೆಪ್ಪನನ್ನು ಕರೆಸಿದರು. ಆಗ ಅವನು ಮೆಟ್ರಿಕ್ ಮುಗಿಸಿ ಅಂಗಡಿಗಳ ಬೋರ್ಡು ಬರೆಯತೊಡಗಿದ್ದ. "ಇದರಿಂದ ಭಾಳ ಮಂದಿನ ಹೊಡದೇನಿ. ನೀ ಇದರ ಮ್ಯಾಲೆ ಕೈ ಊರಿ ಬರಿ" ಎಂದು ನನ್ನನ್ನು ಅವನಿಗೆ ಕೊಟ್ಟರು. ಅವನು ನನ್ನ ತುದಿಗೆ ಹತ್ತಿಯ ಉಂಡೆ ಇಟ್ಟು ಬಟ್ಟೆ ಸುತ್ತಿದ. ಅಂದಿನಿಂದ ನನ್ನ ಕೆಲಸ ಬದಲಾಯಿತು. ತುದಿ ಗೋಡೆಗೆ, ಬುಡ ಅವನ ಎಡಗೈಗೆ. ನಡುವೆ ನನ್ನ ಮೇಲೆ ಅವನು ಬಲಗೈ ಮಣಿಕಟ್ಟನ್ನು ಊರಿ ಅಕ್ಷರ ಬರೆಯುತ್ತಿದ್ದ. ಹೊಡೆಯುವಾಗ ಯಾರೂ ನನ್ನನ್ನು ನಂಬಿರಲಿಲ್ಲ. ಈಗ ಒಬ್ಬ ನನ್ನ ಮೇಲೆ ಭಾರ ಬಿಟ್ಟಿದ್ದ. ನನಗೆ ಅವನೊಬ್ಬನೇ ಸಾಕೆನಿಸಿತ್ತು.

ಅವನಿಗೆ ನಾನು ಸಾಕಾಗಿರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿಗೆ ಇಬ್ಬರೂ ಮಿಲಿಟರಿ ಭರ್ತಿಗೆಂದು ಬೆಳಗಾವಿಗೆ ಹೋದರು. ಒಬ್ಬ ಸಿಪಾಯಿಯಾಗಿ ಬಂದ. ತನ್ನ ಪೇಂಟಿಂಗ್ ಅಂಗಡಿಯ ಮುಂದೆ ಸೇರಿದ ಮಂದಿಗೆ ಅಡಿವೆಪ್ಪ, "ನಂದು ಎದಿ ಅರ್ಧ ಇಂಚ ಕಮ್ಮಿ ಬಿತ್ತು" ಎಂದ. ಫಕ್ಕೀರಪ್ಪ ಪಕ್ಕದಲ್ಲೇ ನಿಂತಿದ್ದ. "ಹೌದು, ಬರೇ ಅರ್ಧ ಇಂಚ" ಎಂದ.

ಮಂದಿ ಹೋದ ಮೇಲೆ ಅವನು ಮೆಲ್ಲಗೆ ಹೇಳಿದ, "ಓಟದಾಗ ನೀನ ಮುಂದಿದ್ದಿ ಅಡಿವ್ಯಾ. ನಾ ನಿನ್ನ ಬೆನ್ನ ನೋಡಕೋತನ ಓಡಿದೆ."

"ಆ ಡಾಕ್ಟರ ತೋರಿಸಿದ ಬಣ್ಣದ ಚುಕ್ಕಿ ಪುಸ್ತಕದಾಗ ನಿನಗ ಏನ್ ಕಂಡ್ತು?"

"ನಲವತ್ತೈದು ಅಂತ ಬರದಿತ್ತು."

"ನನಗ ಬರೇ ಚುಕ್ಕಿ ಕಂಡೂವು" ಎಂದು ಅಡಿವೆಪ್ಪ ಕುಂಚ ಎತ್ತಿಕೊಂಡ. ಆ ಮಾತು ಅವರ ನಡುವೆ ಮತ್ತೆ ಬರಲಿಲ್ಲ.

ಸೈನ್ಯಕ್ಕೆ ಹೋಗುವವನಿಗೆ ಕರಿ ಟ್ರಂಕು ಬೇಕು, ಅದರ ಮೇಲೆ ಬಿಳಿ ಅಕ್ಷರದಲ್ಲಿ ನಂಬರು, ಹುದ್ದೆ, ಹೆಸರು ಬೇಕು. ಬರೆದವನು ಅಡಿವೆಪ್ಪ. 'ಸಿಪಾಯಿ' ಎಂಬ ಶಬ್ದಕ್ಕೆ ಬಂದಾಗ ಮಣಿಕಟ್ಟು ನನ್ನ ಮೇಲೆ ಎಷ್ಟು ಭಾರವಾಯಿತೆಂದರೆ ನಾನು ಬಾಗಿದೆ. ಹುದ್ದೆ ಏರಿದಾಗಲೆಲ್ಲ ಟ್ರಂಕು ಊರಿಗೆ ಬರುತ್ತಿತ್ತು. ಹಳೆಯ ಶಬ್ದವನ್ನು ಸೀಮೆಎಣ್ಣೆಯಿಂದ ಒರೆಸಿ ಹೊಸದನ್ನು ಬರೆಯಬೇಕು. ಲ್ಯಾನ್ಸ್ ನಾಯಕ. ನಾಯಕ. ಪ್ರತಿ ಸಲವೂ ಅಡಿವೆಪ್ಪ ಅಕ್ಷರವನ್ನು ಒಂದು ನೂಲೆಳೆಯಷ್ಟು ಸಣ್ಣದು ಮಾಡುತ್ತಿದ್ದ.

"ಅಕ್ಷರ ಸಣ್ಣು ಆಗಾಕ ಹತ್ಯಾವಲ್ಲೋ" ಎಂದು ಫಕ್ಕೀರಪ್ಪ ನಗುತ್ತಿದ್ದ.

"ನೀ ದೊಡ್ಡಾಂವ ಆಗೀ. ಅದಕ್ಕ ಹಂಗ ಕಾಣ್ತಾವು."

ಫಕ್ಕೀರಪ್ಪ ರಜೆಗೆ ಬಂದರೆ ಚಹಾದಂಗಡಿಯವನು ಬೆಂಚು ಒರೆಸುತ್ತಿದ್ದ. ಪಂಚಾಯಿತಿಯವರು ಕುರ್ಚಿ ಹಾಕಿಸುತ್ತಿದ್ದರು. ಅಡಿವೆಪ್ಪನ ಹೆಂಡತಿ ಕಸ್ತೂರಿ ಕೂಡ, "ಅಣ್ಣಾರ ಮಿಲಿಟರಿ ಕ್ಯಾಂಟೀನಿನಾಗ ಒಂದ ಕುಕ್ಕರ ಸಿಗತೈತೇನು ಕೇಳ್ರಿ" ಎನ್ನುತ್ತಿದ್ದಳು. ಮುಂದಿನ ರಜೆಗೆ ಕುಕ್ಕರ್ ಬಂತು. ಅದರ ಸೀಟಿ ಕೇಳಿದಾಗಲೆಲ್ಲ ಅಡಿವೆಪ್ಪನ ಹಲ್ಲು ಕಚ್ಚಿಕೊಳ್ಳುತ್ತಿದ್ದವು.

ಆದರೂ ರಜೆಯ ಒಂದು ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಇಬ್ಬರೂ ಕೂರುತ್ತಿದ್ದರು. ಫಕ್ಕೀರಪ್ಪ ಬಣ್ಣದ ಡಬ್ಬಿಗಳನ್ನು ಸಾಲಾಗಿ ಇಟ್ಟುಕೊಂಡು, ಮುಚ್ಚಳಗಳಿಗೆ ಮೊಳೆಯಿಂದ ಕುಳಿ ಹೊಡೆಯುತ್ತಿದ್ದ. ಕೆಂಪಿಗೆ ಒಂದು, ಹಸಿರಿಗೆ ಎರಡು, ಬೆರೆಸಿಟ್ಟ ಕೇಸರಿಗೆ ಮೂರು. ಹೊಸ ಡಬ್ಬಿಗೆ ಚೀಟಿ ಇರುತ್ತದೆ. ನಾಲ್ಕು ದಿನದಲ್ಲಿ ಬಣ್ಣ ಸೋರಿ ಚೀಟಿ ಮುಚ್ಚಿಹೋಗುತ್ತದೆ. ಚೀಟಿ ಇರುವಾಗಲೇ ಅಡಿವೆಪ್ಪ ತಾನೇ ಕುಳಿ ಹೊಡೆದುಕೊಳ್ಳಬಹುದಿತ್ತು. ಹೊಡೆದುಕೊಂಡರೆ, ತನಗೆ ಅದು ಬೇಕು ಎಂದು ಒಪ್ಪಿಕೊಂಡಂತೆ. ಹಾಗಾಗಿ ಬೆರಳುಗಳಿಂದ ಕುಳಿ ತಡವುತ್ತಿದ್ದ, ಹೊಡೆದವನ ಕಡೆ ನೋಡುತ್ತಿರಲಿಲ್ಲ. ಆ ಮಧ್ಯಾಹ್ನ ನಾನು ಮೂಲೆಯಲ್ಲಿರುತ್ತಿದ್ದೆ. ವರ್ಷವಿಡೀ ಅವನ ಭಾರ ಹೊತ್ತವನು ನಾನು. ಒಂದು ಮೊಳೆ ಹಿಡಿದು ಬಂದವನಿಗೆ ಅವನ ಪಕ್ಕದ ಜಾಗ.

ಹವಾಲ್ದಾರನಾಗಿ ಬಂದ ವರ್ಷ ಫಕ್ಕೀರಪ್ಪ ಮೊಳೆಯ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತ ಹೇಳಿದ.

"ಈ ಸಲ ಭಾಳ ಎತ್ತರದ ಗುಡ್ಡಕ್ಕ ಹಾಕ್ಯಾರ. ಬರೇ ಬರ್ಫ. ಕಸ್ತೂರಿ ತಂಗಿಗೆ ಒಂದ ಮಾತ ಹೇಳಿ ಇಡು ಅಡಿವ್ಯಾ. ನಾ ಬರದಿದ್ರ ಅಕಿ ಹೇಳತಾಳ, ಇದು ಕೆಂಪ, ಇದು ಹಸರ ಅಂತ."

ಅಡಿವೆಪ್ಪ ಡಬ್ಬಿಯನ್ನು ಅವನ ಮುಂದಿನಿಂದ ಎಳೆದುಕೊಂಡ. "ನೀ ಹವಾಲ್ದಾರ ಆಗಿದ್ದು ನಿನ್ನ ಪಲ್ಟನ್ನಿಗೆ. ನನ್ನ ಅಂಗಡಿಗಲ್ಲ. ನನಗೇನ ಕಣ್ಣಿಲ್ಲೇನು?"

"ಸಿಟ್ಟ ಯಾಕ ಮಾಡತಿ? ನಾ ಅಂದದ್ದು..."

"ಮೊಳಿ ಇಡು ಕೆಳಗ."

ಫಕ್ಕೀರಪ್ಪ ಮೊಳೆ ಇಟ್ಟ. ಬಾಗಿಲಲ್ಲಿ ಒಮ್ಮೆ ನಿಂತ, ಹೋದ. ಅವನ ಸಪ್ಪಳ ದೂರವಾದ ಮೇಲೆ ಅಡಿವೆಪ್ಪ ಹಳೆಯ ಮುಚ್ಚಳಗಳನ್ನೆಲ್ಲ ಕಲ್ಲಿನ ಮೇಲಿಟ್ಟು, ಸುತ್ತಿಗೆಯಿಂದ ಬಡಿದು ಕುಳಿಗಳನ್ನು ಸಪಾಟು ಮಾಡಿದ. ಒಂದನ್ನೂ ಬಿಡಲಿಲ್ಲ. ನಾನು ಮೂಲೆಯಿಂದ ನೋಡುತ್ತಿದ್ದೆ. ಸುಳ್ಳೇಕೆ ಹೇಳಲಿ, ನನಗೆ ಹಿತವೆನಿಸಿತು.

ಮುಂದಿನ ಆರು ತಿಂಗಳು ಅವನು ನೀಲಿ, ಬಿಳಿ, ಹಳದಿಯ ಕೆಲಸಗಳನ್ನೇ ಒಪ್ಪಿಕೊಂಡ. ಉಳಿದದ್ದಕ್ಕೆ ಪುರುಸೊತ್ತಿಲ್ಲ ಎಂದು ಗಿರಾಕಿಗಳನ್ನು ಕಳಿಸಿದ. ಮಾಘದಲ್ಲಿ ಸುದ್ದಿ ಬಂತು. ಗುಡ್ಡದ ಮೇಲಿನ ಹಿಮ ಕುಸಿದು ಕಾವಲು ಠಾಣೆಯೇ ಹೂತುಹೋಗಿತ್ತು. ನಾಲ್ಕು ದಿನದ ನಂತರ ಫಕ್ಕೀರಪ್ಪನನ್ನು ಬಾವುಟ ಹೊದಿಸಿ ಊರಿಗೆ ತಂದರು.

ಸುತ್ತಲಿನ ಹಳ್ಳಿಗಳೆಲ್ಲ ನೆರೆದವು. ಶಾಲೆಯ ಮಕ್ಕಳು ರಸ್ತೆಯ ಎರಡೂ ಬದಿ ನಿಂತರು. ಅಡಿವೆಪ್ಪ ಅಂಗಡಿಯ ಮೆಟ್ಟಿಲ ಮೇಲೆ ನನ್ನನ್ನು ಹಿಡಿದು ನಿಂತಿದ್ದ. ಅವನ ಹಿಡಿತದಲ್ಲಿ ನನಗೆ ತಿಳಿದದ್ದನ್ನು ಹೇಳಲು ಈಗಲೂ ಹಿಂಜರಿಕೆ. ಆ ಜನಸಾಗರ ನೋಡುತ್ತ ಅವನು, ತಾನು ಸತ್ತರೆ ಎಷ್ಟು ಮಂದಿ ಬಂದಾರು ಎಂದು ಎಣಿಸುತ್ತಿದ್ದ. ಇಪ್ಪತ್ತಕ್ಕೆ ಬಂದು ನಿಂತ. ಆಮೇಲೆ ಆ ಇಪ್ಪತ್ತರಲ್ಲಿ ಒಬ್ಬನನ್ನು ಕಳೆದ.

ವರ್ಷ ತುಂಬಿದಾಗ ಶಾಲೆಯಲ್ಲಿ ಸ್ಮಾರಕದ ಗೋಡೆ ಕಟ್ಟಿದರು. ಕಪ್ಪಿನಲ್ಲಿ ಹೆಸರು, ನಂಬರು, ಹುದ್ದೆ ಬರೆದರೆ ಸಾಕು ಎಂದಿದ್ದರು ಮುಖ್ಯೋಪಾಧ್ಯಾಯಿನಿ ಸರೋಜಿನಿ ಬಾಯಿಯವರು. ಅಡಿವೆಪ್ಪ ಬರೆದು ಮುಗಿಸಿದ್ದ. ಈ ಸಲ ಹುದ್ದೆಯ ಅಕ್ಷರ ಸಣ್ಣದಾಗಿರಲಿಲ್ಲ. ಕಾರ್ಯಕ್ರಮದ ಹಿಂದಿನ ದಿನ ಬಾಯಿಯವರು ಬಂದು, "ಹೆಸರಿನ ಮ್ಯಾಲ ನಮ್ಮ ಬಾವುಟದ ಮೂರು ಪಟ್ಟಿ ಬರಲಿ. ನಾಳೆ ನೀವೂ ಎರಡು ಮಾತಾಡಬೇಕ್ರಿ, ಬಾಲ್ಯದ ಗೆಳ್ಯಾರು" ಎಂದರು.

ಬಣ್ಣದಂಗಡಿಗೆ ಅಂದು ವಾರದ ರಜೆ. ಇದ್ದದ್ದು ಹಳೆಯ ಡಬ್ಬಿಗಳು. ಅವನು ಎರಡನ್ನು ಬಿಸಿಲಿಗೆ ಹಿಡಿದ. ನೆರಳಿಗೆ ತಂದ. ಮೂಸಿದ. ಮುಚ್ಚಳಗಳ ಮೇಲೆ ಬೆರಳಾಡಿಸಿದ. ಸಪಾಟು. ದಾರಿಯಲ್ಲಿ ಹೋಗುವ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಕೇಳಿದ ಮೇಲೆ ಅವನು ಪೇಂಟರನಾಗಿ ಉಳಿಯುತ್ತಿರಲಿಲ್ಲ, ಅರ್ಧ ಇಂಚಿನ ಕಥೆಯೂ ಉಳಿಯುತ್ತಿರಲಿಲ್ಲ. ಹಳದಿಗೆ ಕೆಂಪು ಸೇರಿಸಿದರೆ ಕೇಸರಿ. ಕೆಂಪೆಂದು ತಿಳಿದ ಡಬ್ಬಿಯಿಂದ ಸೇರಿಸಿದ. ಮೇಲಿನ ಪಟ್ಟಿ ತುಂಬಿದ. ಇನ್ನೊಂದು ಡಬ್ಬಿಯಿಂದ ಕೆಳಗಿನ ಪಟ್ಟಿ ತುಂಬಿದ. ನನ್ನ ಮೇಲಿನ ಮಣಿಕಟ್ಟು ಬೆವರಿನಿಂದ ಜಾರುತ್ತಿತ್ತು.

ಸಂಜೆಯ ಮುಂಚೆ ಮಗನ ಹೆಸರು ನೋಡಲು ನೀಲವ್ವ ಬಂದಳು. ಬಾಯಿಯವರು ಕೈ ಹಿಡಿದು ಕರೆತಂದರು. ಇಬ್ಬರೂ ಗೋಡೆಯ ಮುಂದೆ ನಿಂತರು. ಬಾಯಿಯವರ ಮುಖ ಬಿಳುಪೇರಿತು.

"ಅಡಿವೆಪ್ಪಾ" ಎಂದಳು ನೀಲವ್ವ. "ಮ್ಯಾಲ ಗಿಳಿ ಹಸರ ಆಗೇತೋ. ಕೆಳಗ ಕೆಂಪ ಬಂದೈತಿ."

ಮಣಿಕಟ್ಟಿನ ನಾಡಿ ನಿಂತೇಹೋಯಿತು ಎನಿಸಿತು ನನಗೆ. ಅವನು ಬಾಯಿ ತೆರೆದ. ಹೇಳಿಬಿಡುತ್ತಾನೆ ಎಂದು ನಾನು ಕಾದೆ. ಅಷ್ಟರಲ್ಲಿ ಆ ಮುದುಕಿ ಅವನ ತಲೆಯ ಮೇಲೆ ಕೈಯಿಟ್ಟಳು.

"ಕಣ್ಣಾಗ ನೀರ ತುಂಬಿದ್ರ ಬಣ್ಣ ಹ್ಯಾಂಗ ಕಾಣಬೇಕು ಪಾಪ. ನಾನೂ ವರ್ಷದಿಂದ ಹಿಂಗ ಅದೇನಿ. ಅಕ್ಕಿ ಅಂತ ಉಪ್ಪ ತೊಳಿತೇನಿ."

ಬಾಯಿಯವರು ಸೆರಗಿನಿಂದ ಕಣ್ಣೊತ್ತಿಕೊಂಡು, "ಗೆಳೆತನ ಅಂದ್ರ ಹಿಂಗಿರಬೇಕ್ರಿ" ಎಂದರು.

ಅಡಿವೆಪ್ಪ ತೆರೆದ ಬಾಯಿ ಮುಚ್ಚಿದ. ತೋಳಿನಿಂದ ಕಣ್ಣು ಒರೆಸಿಕೊಂಡ. ತೋಳು ಒಣಗಿಯೇ ಇತ್ತು. ನೀಲವ್ವ ನೆಲದ ಮೇಲೆ ಕೂತು ಡಬ್ಬಿಗಳನ್ನು ಒಂದೊಂದಾಗಿ ಅವನ ಕೈಗಿತ್ತಳು. "ಇದು ಕೆಂಪ. ಇದು ಹಸರ. ಅಳಬ್ಯಾಡ ತಮ್ಮಾ, ಸಾವಕಾಶ ಮಾಡು." ಅವನು ಸೀಮೆಎಣ್ಣೆಯಿಂದ ಒರೆಸಿ ಮತ್ತೆ ಬರೆದ. ಮೇಲಿನ ಪಟ್ಟಿ ಮುಗಿಯುವಾಗ ನನ್ನ ಮೈಮೇಲೆ ಹನಿಗಳು ಬಿದ್ದವು. ಅವು ಬೆವರಲ್ಲ.

ಆ ಕಥೆ ಊರಿಗೆಲ್ಲ ಹರಡಿತು. ಗೆಳೆಯನ ದುಃಖದಲ್ಲಿ ಬಾವುಟದ ಬಣ್ಣವನ್ನೇ ಮರೆತವನು ಎಂದು. ಮರುದಿನ ವೇದಿಕೆಯಲ್ಲಿ ಅವನು "ಅಂವ ನನ್ನ ಗೆಳ್ಯಾ ಇದ್ದ" ಎಂದಷ್ಟೇ ಹೇಳಿ ಕೂತ. ಮಂದಿ ಅತ್ತರು. ಅಂದಿನಿಂದ ಪ್ರತಿ ವರ್ಷ ಆ ದಿನ ಅವನಿಗೆ ವೇದಿಕೆಯ ಮೇಲೆ ಕುರ್ಚಿ, ಹಾರ. ಚಹಾದಂಗಡಿಯವನು ಅವನಿಗೂ ಬೆಂಚು ಒರೆಸತೊಡಗಿದ. ಜೀವಮಾನವಿಡೀ ಕಣ್ಣಿಟ್ಟಿದ್ದೆಲ್ಲ ಅವನಿಗೆ ಸಿಕ್ಕಿತು. ಸತ್ತವನ ಪಾಲಿನಿಂದಲೇ ಸಿಕ್ಕಿತು. ಕುರ್ಚಿಯ ತುದಿಯಲ್ಲಿ ಕೂತ ಅವನ ಅಂಗೈ ನನ್ನ ಮೇಲೆ ತಣ್ಣಗಿರುತ್ತಿತ್ತು.

ಫ್ಲೆಕ್ಸ್ ಬಂದ ಮೇಲೆ ಕೈಬರಹದ ಬೋರ್ಡು ಯಾರಿಗೂ ಬೇಡವಾಯಿತು. ಅಂಗಡಿ ಮುಚ್ಚಿತು. ನನ್ನ ತುದಿಯ ಬಟ್ಟೆ ಬಿಚ್ಚಿ, ರಬ್ಬರು ಹಾಕಿಸಿಕೊಂಡು, ಅವನು ನನ್ನನ್ನು ಊರುಗೋಲು ಮಾಡಿಕೊಂಡ. ಈಗ ಮನೆಯ ಬಾಗಿಲ ಹಿಂದೆ ನನ್ನ ಜಾಗ. ಫಕ್ಕೀರಪ್ಪನ ಮೇಲೆ ನನಗಿದ್ದ ಅಸೂಯೆ ಸವೆದಿದೆ. ಅವನೂ ನಾನೂ ಒಂದೇ ಕೆಲಸ ಮಾಡಿದವರು. ಒಬ್ಬನ ಕೈ ನಡುಗದಂತೆ ಹಿಡಿದವರು. ಅವನು ನನಗಿಂತ ಚೆನ್ನಾಗಿ ಹಿಡಿದಿದ್ದ, ಅಷ್ಟೇ. ಅಡಿವೆಪ್ಪನದು ಸವೆಯಿತೋ ಇಲ್ಲವೋ ತಿಳಿಯದು. ಪ್ರತಿ ವರ್ಷ ಹೋಗುತ್ತಾನೆ, ಹಾರ ಹಾಕಿಸಿಕೊಳ್ಳುತ್ತಾನೆ, ಅದೇ ಒಂದು ಮಾತು ಹೇಳಿ ಬರುತ್ತಾನೆ. ನೀಲವ್ವ ತೀರಿಕೊಳ್ಳುವ ಮುನ್ನ ಅವನನ್ನು ಕರೆಸಿ, "ನನ್ನ ಮಗಾ ನಿನಗ ಏನ್ ಆಗಿದ್ದ, ಹೇಳೋ" ಎಂದು ಕೇಳಿದ್ದಳು. ಅವನು ಅವಳ ಕೈ ಹಿಡಿದು, ಜಾರಿದ ಹೊದಿಕೆಯನ್ನು ಮೇಲಕ್ಕೆಳೆದು ಹೊದಿಸಿದ್ದ.

ತನಗೆ ಕೆಂಪು, ಹಸಿರು ಬೇರೆಬೇರೆಯಾಗಿ ಕಾಣುವುದಿಲ್ಲ, ಇಪ್ಪತ್ತೆರಡು ವರ್ಷ ತನ್ನ ಪರವಾಗಿ ಅವುಗಳನ್ನು ನೋಡಿದವನು ಫಕ್ಕೀರಪ್ಪ ಎಂದು ಅಡಿವೆಪ್ಪ ಅವಳಿಗೂ ಹೇಳಲಿಲ್ಲ.