ಕೋಳಿಗಳ ಬಾಣಂತನ

ವಿಲಾಯತಿಯ ಸ್ಟ್ಯಾನ್ಮೋರ್‌ನಲ್ಲಿ ಹದಿನೆಂಟು ದಿನಗಳಿಂದ ನೆಲದ ಮಂಜು ಕರಗಿರಲಿಲ್ಲ. ಬೆಳಿಗ್ಗೆ ಹುಲ್ಲಿನ ಮೇಲೆ ಹೆಪ್ಪುಗಟ್ಟಿದ ಇಬ್ಬನಿ ಮಧ್ಯಾಹ್ನವೂ ಹಾಗೇ ಬೆಳ್ಳಗೆ ಕೂತಿರುತ್ತಿತ್ತು. ಇಂಥ ಚಳಿಯಲ್ಲಿ ಬುದ್ಧಿಯಿರುವವರು ಹಿತ್ತಿಲ ಬಾಗಿಲು ತೆಗೆಯುವುದಿಲ್ಲ. ವಿಶಾಲಾಕ್ಷಿ ದಿನಕ್ಕೆ ನಾಲ್ಕು ಸಲ ತೆಗೆಯುತ್ತಿದ್ದಳು, ಏಕೆಂದರೆ ಅವಳ ಗಂಡ ನಾರಾಯಣಸ್ವಾಮಿ ಕೋಳಿ ಸಾಕಿದ್ದರು.

ಸಾಕಿದ್ದರು ಎಂಬುದು ಅವರ ಮಾತು. ಕೊಂಡು ತಂದವರು ಅವರು, ಹೆಸರಿಟ್ಟವರು ಅವರು, ಕನ್ನಡ ಸಂಘದ ವಾಟ್ಸ್ಯಾಪ್ ಗುಂಪಿನಲ್ಲಿ ಪ್ರತಿ ಭಾನುವಾರ ಅವುಗಳ ಬಗ್ಗೆ ಉದ್ದುದ್ದ ಬರೆಯುತ್ತಿದ್ದವರೂ ಅವರೇ. ಕೆಟಲಿನಲ್ಲಿ ನೀರು ಕಾಯಿಸಿಕೊಂಡು ಹೋಗಿ ಕೋಳಿಗಳ ಬಟ್ಟಲಿನ ಮಂಜುಗಡ್ಡೆ ಕರಗಿಸುವ ಕೆಲಸದಲ್ಲಿ ಬರೆಯುವಂಥದ್ದೇನೂ ಇರಲಿಲ್ಲವಾದ್ದರಿಂದ ಅದು ವಿಶಾಲಾಕ್ಷಿಯ ಪಾಲಿಗೆ ಬಂದಿತ್ತು.

ಮೂವತ್ತು ವರ್ಷ ಸಾಫ್ಟ್‌ವೇರ್‌ನಲ್ಲಿ ದುಡಿದು ಎರಡು ವರ್ಷದ ಹಿಂದೆ ಮನೆಯಲ್ಲಿ ಕೂತ ನಾರಾಯಣಸ್ವಾಮಿಯವರು ನಾಲ್ಕು ಕೋಳಿಗಳಿಗೆ ಗಂಗಾ, ಯಮುನಾ, ಸರಸ್ವತಿ, ಕಾವೇರಿ ಎಂದು ಹೆಸರಿಟ್ಟಿದ್ದರು. ಹೆಸರಿಗೆ ತಕ್ಕ ಹಾಗೆ ಸರಸ್ವತಿ ಮೊದಲ ತಿಂಗಳಲ್ಲೇ ಕಣ್ಮರೆಯಾದಳು. ನರಿ ಹೊತ್ತುಕೊಂಡು ಹೋಗಿತ್ತು. ಉಳಿದ ಮೂರರ ಮೊಟ್ಟೆಗಳನ್ನು ಆರಾರರ ಡಬ್ಬಿಗಳಲ್ಲಿ ತುಂಬಿ, ಸಂಘದ ಕೂಟಗಳಲ್ಲಿ ತಾವು ಮೆಚ್ಚಿದವರಿಗೆ ಮಾತ್ರ ಹಂಚುತ್ತಿದ್ದರು. ಮೊಟ್ಟೆ ಸಿಗದವರು ಅವರನ್ನು ಇನ್ನಷ್ಟು ಗೌರವದಿಂದ ಕಾಣತೊಡಗಿದ್ದರು. ಮೊಟ್ಟೆ ತಿನ್ನದ, ಕೋಳಿಯನ್ನು ಒಮ್ಮೆಯೂ ಕೈಯಿಂದ ಮುಟ್ಟದ ವಿಶಾಲಾಕ್ಷಿ ಇದನ್ನೆಲ್ಲ ಬಾಗಿಲ ಬಳಿ ನಿಂತು ನೋಡುತ್ತಿದ್ದಳು.

ನವೆಂಬರಿನಲ್ಲಿ ಹಗಲು ಗಿಡ್ಡವಾಗಿ ಕೋಳಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸಿದವು. ಬೆಳಕು ಕಡಿಮೆಯಾದರೆ ಅವು ನಿಲ್ಲಿಸುತ್ತವೆ, ವಸಂತ ಬಂದರೆ ತಾವಾಗೇ ಶುರುಮಾಡುತ್ತವೆ ಎಂದು ಅವಳು ಓದಿ ಹೇಳಿದಳು. ನಾರಾಯಣಸ್ವಾಮಿಯವರಿಗೆ ವಸಂತದವರೆಗೆ ತಡೆಯುವ ಅನುಕೂಲವಿರಲಿಲ್ಲ. ಒಂದು ದಿನ ಅಡುಗೆಮನೆಗೆ ಬಂದ ವಿಶಾಲಾಕ್ಷಿಗೆ ಕಂಡದ್ದು, ಅಂಗಡಿಯಿಂದ ತಂದ ಮೊಟ್ಟೆಗಳ ಮೇಲಿನ ಕೆಂಪು ಮುದ್ರೆಯನ್ನು ವಿನೆಗರ್ ಹಚ್ಚಿ ಉಜ್ಜುತ್ತಿದ್ದ ಗಂಡ. ಇಷ್ಟು ವರ್ಷದ ಸಂಸಾರದಲ್ಲಿ ಅವರು ಸಿಂಕಿನ ಮುಂದೆ ಅಷ್ಟು ಹೊತ್ತು ನಿಂತದ್ದು ಅದೇ ಮೊದಲು.

"ಹೇಗೂ ಉಜ್ತಾ ಇದ್ದೀರ, ಪಕ್ಕದಲ್ಲೇ ಪಾತ್ರೇನೂ ಇದೆ ನೋಡಿ," ಅಂದಳು.

"ಇದು ಟೆಂಪರರಿ ಅರೇಂಜ್‌ಮೆಂಟು ಕಣೇ. ಚಳಿ ಒಂದು ಕಂಟ್ರೋಲಿಗೆ ಬಂದ್ರೆ ಎಲ್ಲಾ ಸರಿಹೋಗುತ್ತೆ."

ಚಳಿಯನ್ನು ಕಂಟ್ರೋಲಿಗೆ ತರಲು ಹೌನ್ಸ್ಲೋದಿಂದ ವೀರಣ್ಣ ಬಂದ. ಧಾರವಾಡದವನು, ವಿಮಾನ ನಿಲ್ದಾಣದ ಸರಕಿನ ಗೋದಾಮಿನಲ್ಲಿ ಮ್ಯಾನೇಜರು. ವೀಸಾ, ಮಂಡಿನೋವು, ಮಕ್ಕಳ ಸ್ಕೂಲು, ಬಾಯ್ಲರು, ಯಾವುದರ ಬಗ್ಗೆ ಕೇಳಿದರೂ ಗೊತ್ತಿಲ್ಲ ಎಂದು ಹೇಳಿದ ದಾಖಲೆಯಿಲ್ಲದ ಮನುಷ್ಯ. ಶನಿವಾರ ಮಧ್ಯಾಹ್ನ ಹೆಗಲ ಮೇಲೊಂದು ಕಪ್ಪು ಕಂಬಳಿ ಹಾಕಿಕೊಂಡು ಬಂದವನು, ಗೂಡಿನ ಸುತ್ತ ಎರಡು ಸುತ್ತು ಬಂದು, ಸೂರಿನ ಕೆಳಗಿದ್ದ ಗಾಳಿಕಿಂಡಿಗಳನ್ನು ನೋಡಿ ನಾಲಿಗೆಯಲ್ಲಿ ಲೊಚಗುಟ್ಟಿದ.

"ಇದು ಥಂಡಿ ಪ್ರಶ್ನೆ ಅಲ್ರೀ ಸರ, ಗಾಳಿ ಪ್ರಶ್ನೆ. ಕೋಳಿ ಅಂದ್ರ ಏನ್ರಿ? ದಿನಾ ಹಡಿಯೋ ಬಾಣಂತಿ. ಬಾಣಂತಿ ಖೋಲ್ಯಾಗ ಗಾಳಿ ಹೊಕ್ರ ಏನಾಗತೈತಿ, ನೀವ ಹೇಳ್ರಿ."

"ಕರೆಕ್ಟ್," ಅಂದರು ನಾರಾಯಣಸ್ವಾಮಿ. ಈ ದಿಕ್ಕಿನಲ್ಲಿ ತಾವೇ ಯೋಚಿಸಲಿಲ್ಲವಲ್ಲ ಎಂಬ ಸಣ್ಣ ಬೇಸರ ಮುಖದಲ್ಲಿತ್ತು.

"ಎರಡು ತಿಂಗಳಿಂದ ಒಂದೂ ಮೊಟ್ಟೆ ಇಟ್ಟಿಲ್ಲ. ಯಾವ ಸೀಮೆ ಬಾಣಂತಿಯರು ಇವರು?" ಅಂದಳು ವಿಶಾಲಾಕ್ಷಿ.

"ಅದಕ್ಕ ನೋಡ್ರಿ ವೈನಿ. ಮೈಯಾಗ ವಾಯು ಸೇರೇತಿ."

ಇಬ್ಬರೂ ಸೇರಿ ಗಾಳಿಕಿಂಡಿಗಳಿಗೆ ಬಟ್ಟೆ ತುರುಕಿದರು. ಬಟ್ಟೆ ವಿಶಾಲಾಕ್ಷಿಯ ಹಳೇ ನೂಲಿನ ಸೀರೆ. ಯಾರೂ ಅವಳನ್ನು ಕೇಳಲಿಲ್ಲ. ಅದರ ಮೇಲೆ ಬಬಲ್ ವ್ರ್ಯಾಪು, ಅದರ ಮೇಲೆ ಕಂಬಳಿ. ನೀರಿನ ಬಟ್ಟಲು ತಳ್ಳಲು ಕೆಳಗೊಂದು ಅಂಗೈಯಗಲದ ಕಿಂಡಿ ಮಾತ್ರ ಉಳಿಯಿತು. ಬೆಳಿಗ್ಗೆ ಸಂಜೆ ಅದೇ ಕಿಂಡಿಯಿಂದ ಸಾಂಬ್ರಾಣಿ ಹೊಗೆ ಹಾಕಬೇಕೆಂದು ವೀರಣ್ಣ ವಿಧಿಸಿದ. ನಾರಾಯಣಸ್ವಾಮಿಯವರು ಆವತ್ತೇ ಸೌತ್‌ಹಾಲ್‌ನ ಇಂಡಿಯನ್ ಅಂಗಡಿಗಳಿಗೆ ಕಾರು ಓಡಿಸಿಕೊಂಡು ಹೋಗಿ ಎರಡು ಡಜನ್ ಕಪ್ ಸಾಂಬ್ರಾಣಿ ತಂದರು. ಹಕ್ಕಿಜ್ವರದ ಭಯಕ್ಕೆ ಕೋಳಿಗಳನ್ನು ಹೊರಗೆ ಬಿಡಬೇಡಿ ಎಂದು ಸರ್ಕಾರದ ಆಜ್ಞೆ ಬೇರೆ ಇತ್ತು. ಕೋಳಿಗಳ ಬಾಣಂತನ ಕಾನೂನುಬದ್ಧವಾಗಿ ಶುರುವಾಯಿತು.

ವಿಶಾಲಾಕ್ಷಿಗೆ ಬಾಣಂತಿಕೋಣೆಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಮಗಳು ಕೃತಿ ಹುಟ್ಟಿದಾಗ ಮೈಸೂರಿನ ಅತ್ತೆಮನೆಯಲ್ಲಿ ಅವಳನ್ನು ಹೀಗೆಯೇ ಮುಚ್ಚಿಟ್ಟಿದ್ದರು. ಕಿಟಕಿಯ ಸಂದಿಗಳಿಗೆ ಚಿಂದಿ, ಮಂಚದ ಕೆಳಗೆ ಕೆಂಡ, ಕಿವಿಗೆ ಹತ್ತಿ, ಕಣ್ಣಿಗೆ ಹೊಗೆ. ಕೆಮ್ಮಿ ಕೆಮ್ಮಿ ಸೋತು, ಒಂದು ಬಾಗಿಲು ತೆಗೆಸಿ ಎಂದು ಗಂಡನನ್ನು ಕೇಳಿಕೊಂಡಿದ್ದಳು. ಹೊಸ್ತಿಲಾಚೆ ನಿಂತಿದ್ದ ಅವರು, ಅಮ್ಮನಿಗೆ ಇದೆಲ್ಲ ಚೆನ್ನಾಗಿ ಗೊತ್ತು ಎಂದು ಹೇಳಿ ಆಫೀಸಿಗೆ ಹೋಗಿದ್ದರು.

ಮಂಗಳವಾರ ಬೆಳಿಗ್ಗೆ ನೀರಿಡಲು ಬಗ್ಗಿದವಳ ಮೂಗಿಗೆ ಬಡಿದ ವಾಸನೆಯನ್ನು ಸಾಂಬ್ರಾಣಿ ಕೂಡ ಮರೆಮಾಡಿರಲಿಲ್ಲ. ಹ್ಯಾರೋದ ಒಂದು ಶಾಲೆಯ ಕೆಮಿಸ್ಟ್ರಿ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷ ಬಾಟಲಿಗಳನ್ನು ತೊಳೆದು ಜೋಡಿಸಿದವಳಿಗೆ ಅದು ಯಾವ ಬಾಟಲಿಯದೆಂದು ಗುರುತಿಸಲು ಅರೆಗಳಿಗೆಯೂ ಬೇಡವಾಯಿತು.

"ರೀ, ಗೂಡಿನ ತುಂಬಾ ಅಮೋನಿಯಾ. ಹಿಕ್ಕೆಯಿಂದ ಏಳೋದು ಹೊರಗೆ ಹೋಗಕ್ಕೆ ದಾರಿ ಇಲ್ಲ. ಸತ್ತುಹೋಗ್ತವೆ."

ನಾರಾಯಣಸ್ವಾಮಿಯವರು ಸೋಫಾದಿಂದ ಏಳದೆ ಫೋನನ್ನು ತಿರುಗಿಸಿ ತೋರಿಸಿದರು. ಗೂಡಿನೊಳಗೆ ಬಿಸಿ ಅಳೆಯುವ ಒಂದು ಯಂತ್ರ ಇಟ್ಟಿದ್ದರು. "ಹೊರಗಡೆ ಮೈನಸ್ ನಾಲ್ಕು. ಒಳಗೆ ಪ್ಲಸ್ ಮೂರು. ಡೇಟಾ ನೋಡು ವಿಶಾಲು. ಡೇಟಾ ಸುಳ್ಳು ಹೇಳುತ್ತಾ?"

ಗೂಡಿನ ಲೆಕ್ಕಕ್ಕೆ ಫೋನಿನಲ್ಲಿ ಎರಡು ಅಂಕಿಗಳಿದ್ದವು. ಎರಡನೆಯದು ತೇವಾಂಶ, ತೊಂಬತ್ತಾರು. ಮೊದಲನೆಯ ಅಂಕಿ ಅಷ್ಟು ಚೆನ್ನಾಗಿ ಹೊಗಳುತ್ತಿರುವಾಗ ಎರಡನೆಯದನ್ನು ಓದುವ ಅಗತ್ಯ ಅವರಿಗೆ ಕಂಡಿರಲಿಲ್ಲ.

ಬುಧವಾರ ಹೇಳಿದಳು. ಗುರುವಾರ ಹೇಳಿದಳು. ಶುಕ್ರವಾರ ಒಳಗಿನಿಂದ ಸೀನಿದ ಸದ್ದು ಬಂತು. ನಾರಾಯಣಸ್ವಾಮಿಯವರು ಸಾಂಬ್ರಾಣಿಯನ್ನು ಮೂರು ಹೊತ್ತಿಗೆ ಏರಿಸಿದರು. ನಿಮ್ಮ ಕೋಳಿ, ನಿಮ್ಮ ಕರ್ಮ ಎಂದುಕೊಂಡು ವಿಶಾಲಾಕ್ಷಿ ಬಾಗಿಲು ಹಾಕಿಕೊಂಡಳು. ಗಂಡನನ್ನು ತಿರಸ್ಕಾರದಿಂದ ನೋಡುವುದರಲ್ಲಿ ಒಂದು ಸುಖವಿತ್ತು: ನೋಡುತ್ತ ಕೂತರಾಯಿತು, ಬೇರೆ ಕೆಲಸ ಮಾಡಬೇಕಾಗಿರಲಿಲ್ಲ. ಆ ರಾತ್ರಿ ಮಾತ್ರ ಅದು ಅಷ್ಟು ಸುಖ ಕೊಡಲಿಲ್ಲ.

ಶನಿವಾರ ವೀರಣ್ಣ ತಪಾಸಣೆಗೆ ಬಂದ. ಇಬ್ಬರು ಗಂಡಸರೂ ಹೀಟರಿನ ಪಕ್ಕ ಕೂತು ಅವರೆಕಾಳಿನ ಉಪ್ಪಿಟ್ಟು ತಿನ್ನುತ್ತ, ಈ ವಿಧಾನವನ್ನು ಸಂಘದ ಸಂಕ್ರಾಂತಿ ಕೂಟದಲ್ಲಿ ಒಂದು ಭಾಷಣವಾಗಿ ಮಂಡಿಸಬಹುದೇ ಎಂದು ಚರ್ಚಿಸುತ್ತಿದ್ದರು. ವಿಶಾಲಾಕ್ಷಿ ಕೆಟಲು ಹಿಡಿದು ಹಿತ್ತಿಲಿಗೆ ಹೋದಳು. ಕಿಂಡಿಯಲ್ಲಿ ಟಾರ್ಚು ಬಿಟ್ಟು ನೋಡಿದಳು.

ಗೋಡೆಯೆಲ್ಲ ಬೆವರಿ ನೀರು ಇಳಿಯುತ್ತಿತ್ತು. ಕೆಳಗೆ ಹಾಸಿದ್ದ ಮರದ ಹೊಟ್ಟು ಅಂಬಲಿಯಂತಾಗಿತ್ತು. ಗಂಗಾ, ಯಮುನಾ ಅಡ್ಡಗೋಲಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದವು. ಕಾವೇರಿ ಕೆಳಗೆ ಮೂಲೆಯಲ್ಲಿ, ಕೊಕ್ಕು ತೆರೆದುಕೊಂಡು, ಪ್ರತಿ ಉಸಿರಿಗೂ ಕತ್ತು ಮುಂದೆ ಚಾಚುತ್ತಿತ್ತು. ಕೆಂಪು ಜುಟ್ಟಿನ ತುದಿಗಳು ಕಪ್ಪಗಾಗಿದ್ದವು.

ಅವಳು ಕೆಟಲು ಕೆಳಗಿಟ್ಟಳು. ಕಂಬಳಿ ಎಳೆದು ಎಸೆದು, ಬಬಲ್ ವ್ರ್ಯಾಪು ಹರಿದು, ಬಾಗಿಲು ತೆಗೆದು, ಎರಡೂ ಕೈ ಒಳಗೆ ಹಾಕಿ ಕೋಳಿಯನ್ನು ಎತ್ತಿಕೊಂಡಳು. ಅಷ್ಟು ದೊಡ್ಡದಾಗಿ ಕಾಣುವ ಹಕ್ಕಿಗೆ ತೂಕವೇ ಇರಲಿಲ್ಲ. ರೆಕ್ಕೆಯ ಕೆಳಗೆ ಬಿಸಿಬಿಸಿಯಾಗಿ ಎದೆ ಹೊಡೆದುಕೊಳ್ಳುತ್ತಿತ್ತು. ಅದನ್ನು ಶಾಲಿನೊಳಗೆ ಅವಚಿಕೊಂಡು, ಹಿತ್ತಿಲ ಬಾಗಿಲ ಪಕ್ಕದ ಬಟ್ಟೆ ಒಗೆಯುವ ಕೋಣೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆಗೆ ಇಳಿಸಿದಳು. ಸದ್ದು ಕೇಳಿ ಗಂಡಸರು ತಟ್ಟೆಗಳೊಂದಿಗೇ ಎದ್ದು ಬಂದರು.

"ಏನೇ ಇದು, ಬಾಗಿಲು ತೆಗೆದುಬಿಟ್ಯಾ? ಒಂದು ವಾರದ ಹೀಟು ಹೋಯ್ತಲ್ಲೇ."

"ವೀರಣ್ಣ, ಒಂದು ಮಾತು ಕೇಳ್ತೀನಿ," ಅಂದಳು ವಿಶಾಲಾಕ್ಷಿ. "ಧಾರವಾಡದಲ್ಲಿ ನಿಮ್ಮ ಮನೇಲಿ ಎಷ್ಟು ಕೋಳಿ ಇದ್ವು?"

ವೀರಣ್ಣನ ಚಮಚ ನಿಂತಿತು. "ನಮ್ಮ ಮನ್ಯಾಗ ಎಲ್ಲಿಂದ ಬರಬೇಕ್ರಿ ವೈನಿ? ನಾವು ಲಿಂಗಾಯತ್ರು. ಕೋಳಿ ನಮ್ಮ ಅಂಗಳಾನೂ ತುಳಿದಿಲ್ಲ."

"ಮತ್ತೆ ಇಷ್ಟೆಲ್ಲಾ ಹೇಗೆ ಗೊತ್ತು?"

"ಬಾಜೂ ಓಣ್ಯಾಗ ಇದ್ದುವು. ಸಾಲಿಗೆ ಹೋಗೋ ಮುಂದ ನೋಡತಿದ್ದೆ."

ನಾರಾಯಣಸ್ವಾಮಿಯವರು ಸ್ನೇಹಿತನನ್ನು ನೋಡಿದರು. ಸ್ನೇಹಿತ ಉಪ್ಪಿಟ್ಟನ್ನು ನೋಡಿದ.

"ಚಳಿ ಕೋಳಿಗಳಿಗೆ ಒಂದು ಲೆಕ್ಕ ಅಲ್ಲ ರೀ. ತೇವ ಕೊಲ್ಲುತ್ತೆ. ಅವುಗಳ ಉಸಿರೇ ನೀರಾಗಿ ಅವುಗಳ ಜುಟ್ಟಿನ ಮೇಲೇ ಕೂತು, ರಾತ್ರಿ ಹೆಪ್ಪುಗಟ್ಟುತ್ತೆ. ನಂಬಿಕೆ ಇಲ್ಲ ಅಂದ್ರೆ ಬನ್ನಿ."

ಅವಳು ಗಂಡನನ್ನು ಗೂಡಿನ ಹತ್ತಿರ ಕರೆದುಕೊಂಡು ಹೋದಳು, ವೀರಣ್ಣನೂ ಹಿಂದೆ ಬಂದ. ಗಂಗಾ ಯಮುನೆಯರನ್ನೂ ಒಂದೊಂದಾಗಿ ಎತ್ತಿ ತಂದು ಪೆಟ್ಟಿಗೆಗೆ ಸೇರಿಸಿದಳು. ಗೂಡಿನ ಮೇಲೆ ಮತ್ತೆ ಕಂಬಳಿ ಹೊದಿಸಿದಳು.

"ತಲೆ ಒಳಗೆ ಹಾಕಿ. ನೂರರವರೆಗೆ ಎಣಿಸಿ."

"ನಾನ್ಯಾಕೆ..."

"ಡೇಟಾ ಬೇಕಲ್ವಾ ನಿಮಗೆ?"

ವೀರಣ್ಣನ ಎದುರಿಗೆ ಬೇರೆ ದಾರಿ ಕಾಣದೆ ನಾರಾಯಣಸ್ವಾಮಿಯವರು ಕನ್ನಡಕ ತೆಗೆದು ಅವನ ಕೈಗೆ ಕೊಟ್ಟು, ಮಂಡಿಯೂರಿ, ತಲೆಯನ್ನು ಗೂಡಿನೊಳಗೆ ತೂರಿಸಿದರು. ಅವಳು ಅವರ ಭುಜದ ಮೇಲೆ ಕಂಬಳಿ ಎಳೆದಳು. ಮೊದಲು ಎಣಿಕೆ ಭಾಷಣದ ಧ್ವನಿಯಲ್ಲಿ ಕೇಳಿಸುತ್ತಿತ್ತು. ಹತ್ತರ ಹೊತ್ತಿಗೆ ಧ್ವನಿ ಕಟ್ಟಿತು. ಹದಿನೇಳಕ್ಕೆ ಅವರು ತಲೆಯನ್ನು ಹೊರಗೆ ಕಿತ್ತುಕೊಂಡು ಹುಲ್ಲಿನ ಮೇಲೆ ಕೂತರು. ಕಣ್ಣು ಮೂಗು ಎಲ್ಲದರಿಂದಲೂ ನೀರು ಸುರಿಯುತ್ತಿತ್ತು.

"ಹದಿನೇಳು," ಅಂದಳು ವಿಶಾಲಾಕ್ಷಿ. "ನಾನು ನಲವತ್ತು ದಿನ ಇದ್ದೆ."

ಯಾವ ನಲವತ್ತು ದಿನ ಎಂದು ಅವರು ಕೇಳಲಿಲ್ಲ. ಬಹಳ ಹೊತ್ತು ಕೆಮ್ಮಿದರು. ವೀರಣ್ಣ ಕನ್ನಡಕವನ್ನು ಅಂಗಿಯ ತುದಿಯಲ್ಲಿ ಒರೆಸುತ್ತ, ಪಕ್ಕದ ಮನೆಯ ಬೇಲಿಯನ್ನು ಹೊಸದಾಗಿ ಕಂಡವನಂತೆ ನೋಡುತ್ತ ನಿಂತ.

ಅವಳು ಶೆಡ್ಡಿನಿಂದ ಡ್ರಿಲ್ಲು ತಂದಳು. ಸೀರೆಯ ಚಿಂದಿಗಳನ್ನು ಕಿತ್ತು, ಹಳೆಯ ಕಿಂಡಿಗಳ ಪಕ್ಕದಲ್ಲಿ, ಕೋಳಿಗಳು ಕೂರುವ ಎತ್ತರಕ್ಕಿಂತ ಒಂದು ಗೇಣು ಮೇಲೆ ಪೆನ್ಸಿಲಿನಿಂದ ಗುರುತು ಮಾಡಿದಳು.

"ಗೂಡಿನ ವಾರಂಟಿ ಹೋಗುತ್ತೆ," ಅಂದರು ನಾರಾಯಣಸ್ವಾಮಿ, ಹುಲ್ಲಿನ ಮೇಲಿಂದಲೇ.

ಅವಳು ಡ್ರಿಲ್ಲನ್ನು ಅವರ ಮುಂದೆ ಹಿಡಿದಳು. ಅವರು ಎದ್ದು, ತೆಗೆದುಕೊಂಡು, ಗುರುತಿನ ಮೇಲೆ ಇಟ್ಟರು. ಡ್ರಿಲ್ಲು ಉಲ್ಟಾ ತಿರುಗುತ್ತಿತ್ತು. ಅವಳು ಗುಂಡಿಯನ್ನು ಸರಿಮಾಡಿಕೊಟ್ಟಳು. ಎಂಟು ತೂತು ಮುಗಿಯುವಷ್ಟರಲ್ಲಿ ಕತ್ತಲಾಗಿತ್ತು. ವೀರಣ್ಣನಿಗೆ ಹೌನ್ಸ್ಲೋದಲ್ಲಿ ತುರ್ತು ಕೆಲಸ ನೆನಪಾಯಿತು.

ಒದ್ದೆ ಹೊಟ್ಟನ್ನು ತೆಗೆದು ಒಣ ಹೊಟ್ಟು ಹಾಸಿ, ಗಂಗಾ ಯಮುನೆಯರನ್ನು ಆ ಸಂಜೆಯೇ ಗೂಡಿಗೆ ಬಿಟ್ಟರು. ಕಾವೇರಿ ಮೂರು ದಿನ ವಾಷಿಂಗ್ ಮಷೀನಿನ ಪಕ್ಕದಲ್ಲಿತ್ತು. ಮೊದಲ ದಿನ ನೀರು ಕುಡಿಯಲಿಲ್ಲ. ಎರಡನೆಯ ದಿನ ವಿಶಾಲಾಕ್ಷಿ ಅದರ ಜುಟ್ಟಿಗೆ ವ್ಯಾಸಲೀನ್ ಹಚ್ಚುವಾಗ ಕೊಕ್ಕಿನಿಂದ ಅವಳ ಹೆಬ್ಬೆರಳನ್ನು ರಕ್ತ ಬರುವಂತೆ ಕುಕ್ಕಿತು. ಆಗ ಬದುಕುತ್ತದೆಂದು ಅವಳಿಗೆ ಖಾತ್ರಿಯಾಯಿತು. ಮೂರನೆಯ ದಿನ ಕೊಕ್ಕು ಮುಚ್ಚಿಕೊಂಡು ಉಸಿರಾಡುತ್ತ, ಮಡಿಸಿಟ್ಟ ಟವೆಲುಗಳ ಮೇಲೆಲ್ಲ ಹಿಕ್ಕೆ ಹಾಕಿತು.

ಅಷ್ಟರಲ್ಲಿ ವಾಟ್ಸ್ಯಾಪ್ ಗುಂಪಿನಲ್ಲಿ ನಾರಾಯಣಸ್ವಾಮಿಯವರ ಹೊಸ ಲೇಖನ ಬಂದಿತ್ತು. ಹೊರದೇಶದ ಚಳಿಯಲ್ಲಿ ಗಾಳಿಯ ಸಂಚಾರದ ಮಹತ್ವವನ್ನು ಬಹಳ ಜನ ಅರಿತಿಲ್ಲವೆಂದೂ, ಆಳವಾದ ಪ್ರಯೋಗಗಳ ನಂತರ ತಮ್ಮ ಗೂಡಿನಲ್ಲಿ ಎಂಟು ರಂಧ್ರಗಳನ್ನು ಅಳವಡಿಸಿರುವುದಾಗಿಯೂ ಅದರಲ್ಲಿತ್ತು. ಕೆಳಗೆ ಇಪ್ಪತ್ತಮೂರು ಕೈಮುಗಿದ ಇಮೋಜಿಗಳು. ಮೊದಲನೆಯದು ವೀರಣ್ಣನದು.

ವಿಶಾಲಾಕ್ಷಿ ಅದನ್ನು ಕೊನೆಯವರೆಗೆ ಓದಿ, ಕಾವೇರಿಯನ್ನು ಎತ್ತಿಕೊಂಡು ಹಿತ್ತಿಲಿಗೆ ನಡೆದಳು. ನಾರಾಯಣಸ್ವಾಮಿಯವರು ಟಾರ್ಚು ಹಿಡಿದು ಹಿಂದೆ ಬಂದರು. ಹೊರಗೆ ಮೈನಸ್ ಐದು. ಇನ್ನೂ ಹತ್ತು ದಿನ ಹೀಗೇ ಎಂದು ಹವಾಮಾನದವರು ಹೇಳಿದ್ದರು. ಗೂಡಿನೊಳಗೆ ಗಾಳಿ ಮೇಲುಗಡೆಯಿಂದ ಹಾದು ಹೋಗುತ್ತಿತ್ತು. ಎರಡು ಕೋಳಿಗಳು ಪುಕ್ಕ ಉಬ್ಬಿಸಿಕೊಂಡು, ಪಾದಗಳನ್ನು ಹೊಟ್ಟೆಯ ಕೆಳಗೆ ಮುಚ್ಚಿಕೊಂಡು, ಯಾರ ಹಂಗೂ ಇಲ್ಲದೆ ಕೂತಿದ್ದವು. ಅವಳು ಮೂರನೆಯದನ್ನು ನಡುವೆ ಕೂರಿಸಿದಳು. ಎರಡೂ ಕಡೆಯಿಂದ ಒತ್ತಿಕೊಂಡವು.

"ಚಳಿ ಆಗಲ್ವೇನೇ ಇವಕ್ಕೆ?" ನಾರಾಯಣಸ್ವಾಮಿಯವರು ಮೆಲ್ಲಗೆ ಕೇಳಿದರು.

"ಆಗಬೇಕಾದವರಿಗೆ ಆಗುತ್ತೆ. ಟಾರ್ಚು ಅವುಗಳ ಕಣ್ಣಿಗೆ ಬಿಡಬೇಡಿ."

ಅವರು ಟಾರ್ಚನ್ನು ತಮ್ಮ ಕಾಲಿನ ಕಡೆ ತಿರುಗಿಸಿಕೊಂಡರು. ಮನೆಯೊಳಗಿನ ಚಪ್ಪಲಿಯಲ್ಲೇ ಬಂದಿದ್ದರು, ಕಾಲ್ಚೀಲ ಒದ್ದೆಯಾಗಿತ್ತು. ಅವಳು ಅದನ್ನು ನೋಡಿದಳು. ಗೂಡಿನ ಪಕ್ಕದಲ್ಲಿದ್ದ ಖಾಲಿ ಕೆಟಲನ್ನು ಎತ್ತಿ ಅವರ ಕೈಗೆ ಕೊಟ್ಟಳು.

"ನಾಳೆ ಆರು ಗಂಟೆಗೆ ನೀರು ಗಟ್ಟಿಯಾಗಿರುತ್ತೆ," ಅಂದಳು. "ನೀವೇ ಬನ್ನಿ. ಬಂದು ಏನಾಯ್ತು ಅಂತ ಬರೀರಿ."

ನಾರಾಯಣಸ್ವಾಮಿಯವರು ಕೆಟಲನ್ನು ಹಿಡಿದುಕೊಂಡು, ಆರು ಎಂದರೆ ಬೆಳಿಗ್ಗೆಯದೋ ಎಂದು ವಿಚಾರಿಸಿದರು.